ಯುದ್ಧ ಬೇಡವೆಂದ ಚಾಕೊಲೇಟ್ ಸಾಹುಕಾರರು

1900ರ ಮಾರ್ಚ್ 12ರ ಸಂಜೆ ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಸ್ಕಾರ್‌ಬರೋ ಪಟ್ಟಣದಲ್ಲಿ ರೌಂಟ್ರೀ ಮನೆತನದ ಕೆಫೆಯ ಮೇಲೆ ಕಲ್ಲುಗಳ ಮಳೆ ಸುರಿಯಿತು. ಒಳಗೆ ನಡೆಯಬೇಕಿದ್ದದ್ದು ಒಬ್ಬ ಅತಿಥಿಯ ಸ್ವಾಗತ ಕೂಟ, ಅಷ್ಟೆ. ಅತಿಥಿ ದಕ್ಷಿಣ ಆಫ್ರಿಕಾದವನು, ಸ್ಯಾಮ್ಯುಯೆಲ್ ಕ್ರಾನ್‌ರೈಟ್-ಶ್ರೈನರ್. ಕಾದಂಬರಿಗಾರ್ತಿ ಆಲಿವ್ ಶ್ರೈನರ್‌ಳನ್ನು ಮದುವೆಯಾಗಿ, ಹೆಂಡತಿಯ ಮನೆತನದ ಹೆಸರನ್ನು ತನ್ನ ಹೆಸರಿಗೆ ಸೇರಿಸಿಕೊಂಡಿದ್ದ ಆಸಾಮಿ. ಬ್ರಿಟನ್ ದಕ್ಷಿಣ ಆಫ್ರಿಕಾದ ಡಚ್ ಮೂಲದ ಬೋಯರರ ಮೇಲೆ ಮಾಡುತ್ತಿರುವ ಯುದ್ಧ ತಪ್ಪು ಎಂದು ಊರೂರು ಸುತ್ತಿ ಹೇಳುತ್ತಿದ್ದ. ಎರಡು ವಾರದ ಹಿಂದಷ್ಟೇ ಬೋಯರರು ಲೇಡಿಸ್ಮಿತ್ ಪಟ್ಟಣಕ್ಕೆ ಹಾಕಿದ್ದ ಮುತ್ತಿಗೆ ತೆರವಾಗಿ ಇಡೀ ದೇಶ ಹಬ್ಬ ಮಾಡಿತ್ತು. ಅಂಥ ಹೊತ್ತಿನಲ್ಲಿ ಶತ್ರುವಿನ ಪರ ಮಾತಾಡುವವನನ್ನು ಕರೆಸಿ ಉಪಚಾರ ಮಾಡುತ್ತಾರೆಂದರೆ ಜನ ಸುಮ್ಮನಿರುತ್ತಾರೆಯೇ? ಗುಂಪು ಕೆಫೆಯ ಗಾಜು ಪುಡಿ ಮಾಡಿತು, ಅಲ್ಲಿಂದ ಮನೆತನದ ದಿನಸಿ ಅಂಗಡಿಗೆ ಹೋಯಿತು, ಆಮೇಲೆ ಮನೆಗಳಿಗೆ. ಕೊನೆಗೆ ಸೈನಿಕರನ್ನು ಕರೆಸಬೇಕಾಯಿತು.

ಗಲಭೆಯಲ್ಲಿ ಆದ ನಷ್ಟಕ್ಕೆ ಪರಿಹಾರ ಕೇಳುವ ಹಕ್ಕು ಅಲ್ಲಿನ ಕಾನೂನಿನಲ್ಲಿತ್ತು. ರೌಂಟ್ರೀಗಳು ಕೇಳಲಿಲ್ಲ. ಆ ದುಡ್ಡು ಊರವರ ತೆರಿಗೆಯಿಂದ ಬರಬೇಕಾಗುತ್ತಿತ್ತು. ಅದು ಬೇಡವೆಂದು ಬಹಿರಂಗವಾಗಿಯೇ ಹೇಳಿ ಸುಮ್ಮನಾದರು.

ಕೂಟ ಏರ್ಪಡಿಸಿದ ಜೋಶುವಾ ರೌಂಟ್ರೀ ಹಿಂದೆ ಅದೇ ಊರಿನಿಂದ ಸಂಸತ್ತಿಗೆ ಆರಿಸಿ ಹೋಗಿದ್ದವನು. ಯಾರ್ಕ್ ನಗರದಲ್ಲಿ ಕೋಕೋ ಮತ್ತು ಚಾಕೊಲೇಟ್ ತಯಾರಿಸುತ್ತಿದ್ದ ಜೋಸೆಫ್ ರೌಂಟ್ರೀಗೆ ಹತ್ತಿರದ ಬಂಧು. ಯಾರ್ಕ್‌ನ ರೌಂಟ್ರೀ, ಬರ್ಮಿಂಗ್‌ಹ್ಯಾಮ್‌ನ ಕ್ಯಾಡ್‌ಬರಿ, ಬ್ರಿಸ್ಟಲ್‌ನ ಫ್ರೈ: ಆ ಕಾಲದ ಬ್ರಿಟನ್ನಿನ ಚಾಕೊಲೇಟ್ ವ್ಯಾಪಾರವೆಂದರೆ ಹೆಚ್ಚುಕಡಿಮೆ ಈ ಮೂರು ಮನೆಗಳದ್ದೇ. ಮೂರೂ ಕ್ವೇಕರ್ ಪಂಥದವು.

ವ್ಯಾಪಾರಂ ದ್ರೋಹಚಿಂತನಂ ಎಂದು ಕೇಳಿ ಬೆಳೆದ ನಮಗೆ ಕ್ವೇಕರ್ ವರ್ತಕರ ಚರಿತ್ರೆ ಸ್ವಲ್ಪ ವಿಚಿತ್ರವಾಗಿ ಕಾಣುತ್ತದೆ. 17ನೇ ಶತಮಾನದ ನಡುವೆ ಜಾರ್ಜ್ ಫಾಕ್ಸ್ ಹುಟ್ಟುಹಾಕಿದ ಈ ಪಂಥಕ್ಕೆ ಪಾದ್ರಿಗಳಿಲ್ಲ, ಆಣೆ ಪ್ರಮಾಣ ಮಾಡುವಂತಿಲ್ಲ, ಯಾವ ಕಾರಣಕ್ಕೂ ಆಯುಧ ಹಿಡಿಯುವಂತಿಲ್ಲ. ಸರ್ಕಾರಿ ಚರ್ಚಿಗೆ ಸೇರದವರಿಗೆ ಆಕ್ಸ್‌ಫರ್ಡ್, ಕೇಂಬ್ರಿಜ್ ಬಹುಕಾಲ ಮುಚ್ಚಿದ ಬಾಗಿಲು; ಸೈನ್ಯಕ್ಕೆ ಇವರೇ ಹೋಗರು. ಉಳಿದದ್ದು ವ್ಯಾಪಾರ. ಚೌಕಾಸಿಯಿಲ್ಲದೆ ಒಂದೇ ಬೆಲೆ ಹೇಳುವವರು, ಕೊಟ್ಟ ಮಾತಿಗೆ ತಪ್ಪದವರು ಎಂಬ ಹೆಸರು ಬಂತು. ಹೆಸರಿನ ಹಿಂದೆ ಗಿರಾಕಿ ಬಂದ, ಗಿರಾಕಿಯ ಹಿಂದೆ ಐಶ್ವರ್ಯ ಬಂತು. ಕೋಕೋವನ್ನು ಅವರು ಆರಿಸಿಕೊಂಡದ್ದರಲ್ಲೂ ಧರ್ಮವಿತ್ತು, ಹೆಂಡಕ್ಕೆ ಬದಲಾಗಿ ಬಡವ ಕುಡಿಯಬಹುದಾದ ಬಿಸಿ ಪಾನೀಯ ಅದು.

ಯುದ್ಧದ ವಿಷಯಕ್ಕೆ ಈ ವರ್ತಕರು ತಲೆ ಹಾಕಿದ್ದು ಬೋಯರ್ ಯುದ್ಧದಲ್ಲೇ ಮೊದಲೇನಲ್ಲ. 1854ರ ಜನವರಿಯಲ್ಲಿ, ರಷ್ಯಾದ ಮೇಲೆ ಯುದ್ಧ ಸಾರಬೇಕೆಂದು ಲಂಡನ್ ಕುದಿಯುತ್ತಿದ್ದಾಗ, ಮೂವರು ಕ್ವೇಕರರು ಸೇಂಟ್ ಪೀಟರ್ಸ್‌ಬರ್ಗ್‌ಗೆ ಹೊರಟರು. ಬರ್ಮಿಂಗ್‌ಹ್ಯಾಮ್‌ನ ಧಾನ್ಯದ ವರ್ತಕ ಜೋಸೆಫ್ ಸ್ಟರ್ಜ್, ಬ್ರಿಸ್ಟಲ್‌ನ ಗುಂಡುಸೂಜಿ ತಯಾರಕ ರಾಬರ್ಟ್ ಚಾರ್ಲ್ಟನ್, ಉತ್ತರದ ಗಣಿ ಮತ್ತು ರೈಲ್ವೆ ಮನೆತನದ ಹೆನ್ರಿ ಪೀಸ್. ರೀಗಾದಿಂದ ಮುಂದಕ್ಕೆ ಹಿಮದ ಮೇಲೆ ಜಾರುಬಂಡಿಯ ಪ್ರಯಾಣ. ಫೆಬ್ರವರಿ 10ರಂದು ಒಂದನೇ ನಿಕೊಲಾಸ್ ಚಕ್ರವರ್ತಿ ಅವರನ್ನು ಆದರದಿಂದ ಕಂಡ, ಮಾತು ಕೇಳಿದ. ಮಾರ್ಚ್ ಕೊನೆಗೆ ಬ್ರಿಟನ್ ಯುದ್ಧ ಸಾರಿಯೇಬಿಟ್ಟಿತು. ಲಂಡನ್ನಿನ ಪತ್ರಿಕೆಗಳು ಮೂವರನ್ನೂ ಮನಸ್ವೀ ಲೇವಡಿ ಮಾಡಿದವು.

ಸ್ಟರ್ಜ್ ಬರೀ ಮಾತಿನವನಲ್ಲ. ಮದ್ಯ ತಪ್ಪೆಂದು ನಂಬಿದ ಮೇಲೆ ಹೆಂಡ ಕಾಯಿಸಲು ಹೋಗುವ ಬಾರ್ಲಿ ಮಾರುವುದನ್ನೇ ಬಿಟ್ಟವನು. ಧಾನ್ಯದ ವರ್ತಕನಿಗೆ ಅದು ಕೈಯಾರೆ ಬಿಟ್ಟ ಲಾಭ. ಯುದ್ಧ ಮುಗಿದ ಮೇಲೆ ಬ್ರಿಟಿಷ್ ನೌಕಾಪಡೆ ಫಿನ್ಲೆಂಡಿನ ಕರಾವಳಿಯ ಬಡಬಗ್ಗರಿಗೆ ಮಾಡಿದ ಹಾನಿಯನ್ನು ಕಣ್ಣಾರೆ ನೋಡಲು 1856ರಲ್ಲಿ ಅಲ್ಲಿಗೂ ಹೋದ, ಚಂದಾ ಎತ್ತಿ ನೆರವು ಮುಟ್ಟಿಸಿದ. ಕ್ಯಾಡ್‌ಬರಿ ಕುಟುಂಬವೂ ಅದೇ ಬರ್ಮಿಂಗ್‌ಹ್ಯಾಮ್ ಕ್ವೇಕರ್ ವಲಯದ್ದು. ಆಗ ಜಾರ್ಜ್ ಕ್ಯಾಡ್‌ಬರಿ ಹದಿನೈದರ ಆಸುಪಾಸಿನ ಹುಡುಗ.

ಈಗ 1899ಕ್ಕೆ ಬರೋಣ. ಜಾರ್ಜ್ ಕ್ಯಾಡ್‌ಬರಿಯ ಅಣ್ಣ ರಿಚರ್ಡ್ ಅದೇ ವರ್ಷ ಜೆರುಸಲೇಮಿನಲ್ಲಿ ತೀರಿಕೊಂಡಿದ್ದ. ಬೋರ್ನ್‌ವಿಲ್ ಕಾರ್ಖಾನೆಯ ಹೊಣೆ ಜಾರ್ಜ್‌ನ ಹೆಗಲ ಮೇಲಿತ್ತು. ಅಕ್ಟೋಬರಿನಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಯುದ್ಧ ಶುರುವಾಯಿತು. ಚಿನ್ನದ ಗಣಿಗಾಗಿ ನಡೆಯುತ್ತಿರುವ ಅನ್ಯಾಯದ ಯುದ್ಧವೆಂದು ಜಾರ್ಜ್ ನಂಬಿದ್ದ. ಅಷ್ಟರಲ್ಲಿ ವಿಕ್ಟೋರಿಯಾ ರಾಣಿಗೆ ಒಂದು ಆಸೆ ಹುಟ್ಟಿತು: ಯುದ್ಧಭೂಮಿಯಲ್ಲಿರುವ ತನ್ನ ಪ್ರತಿಯೊಬ್ಬ ಸೈನಿಕನಿಗೂ ಹೊಸ ವರ್ಷಕ್ಕೆ ಒಂದು ಡಬ್ಬಿ ಚಾಕೊಲೇಟ್ ಹೋಗಬೇಕು, ಖರ್ಚು ತನ್ನದು. ಡಬ್ಬಿಯ ಮೇಲೆ ರಾಣಿಯ ಮುಖ, 'ದಕ್ಷಿಣ ಆಫ್ರಿಕಾ 1900' ಎಂಬ ಬರಹ, ಅವಳ ಕೈಬರಹದಲ್ಲಿ ಹೊಸ ವರ್ಷದ ಶುಭಾಶಯ. ಒಳಗೆ ಅರ್ಧ ಪೌಂಡ್ ತೂಕದ ಚಾಕೊಲೇಟ್. ಮೊದಲ ಲೆಕ್ಕಕ್ಕೇ ಸುಮಾರು ಒಂದು ಲಕ್ಷ ಡಬ್ಬಿ.

ಯಾವ ತಯಾರಕನಾದರೂ ಕುಣಿದಾಡಬೇಕಾದ ಆರ್ಡರ್. ಕ್ಯಾಡ್‌ಬರಿಗೆ ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತು. ಒಪ್ಪಿದರೆ ತಾನು ಖಂಡಿಸುವ ಯುದ್ಧದ ಹೆಸರಲ್ಲಿ ದುಡಿದಂತೆ. ಒಲ್ಲೆನೆಂದರೆ ರಾಣಿಗೆ ಅವಮಾನ, ಅದೂ ದೂರದ ಯುದ್ಧಭೂಮಿಯಲ್ಲಿರುವ ಬಡ ಸಿಪಾಯಿಯ ಬಾಯಿಯ ಸಿಹಿ ಕಿತ್ತುಕೊಂಡು. ಕೊನೆಗೆ ಆತ ಪೈಪೋಟಿಯ ಮನೆಗಳಾದ ಫ್ರೈ ಮತ್ತು ರೌಂಟ್ರೀಯನ್ನು ಜತೆಗೆ ಸೇರಿಸಿಕೊಂಡ. ಮೂವರೂ ಹಂಚಿಕೊಂಡು ಮಾಡುವುದು, ಲಾಭ ಒಂದು ಪೆನ್ನಿಯೂ ಬೇಡ, ಡಬ್ಬಿಯ ಮೇಲೆ ಯಾರ ಹೆಸರೂ ಬೇಡ. ಜಾಹೀರಾತಿನ ಲೋಕದಲ್ಲಿ ಇಂಥ ಷರತ್ತು ಅಪರೂಪ. ರಾಣಿಗೆ ಅದೂ ಪೂರ್ತಿ ಒಪ್ಪಿಗೆಯಾಗಲಿಲ್ಲ; ತಿನ್ನುತ್ತಿರುವುದು ಒಳ್ಳೆಯ ಬ್ರಿಟಿಷ್ ಸರಕು ಎಂದು ಸೈನಿಕನಿಗೆ ಗೊತ್ತಾಗಬೇಕೆಂಬುದು ಅವಳ ಹಟ. ಡಬ್ಬಿ ಹೆಸರಿಲ್ಲದೆ ಉಳಿಯಿತು, ಒಳಗಿನ ಕೆಲವು ಚಾಕೊಲೇಟಿನ ಮೇಲೆ ಹೆಸರು ಮೂಡಿತು. ಎಷ್ಟೋ ಸೈನಿಕರು ಆ ಚಾಕೊಲೇಟನ್ನು ತಿನ್ನದೆ ನಿಧಿಯಂತೆ ಕಾಪಾಡಿದರು. 2021ರಲ್ಲಿ ನಾರ್ಫೊಕ್‌ನ ಆಕ್ಸ್‌ಬರೋ ಹಾಲ್ ಬಂಗಲೆಯಲ್ಲಿ ಶಿರಸ್ತ್ರಾಣದ ಪೆಟ್ಟಿಗೆಯೊಳಗೆ ಅಂಥದೊಂದು ಡಬ್ಬಿ, ಚಾಕೊಲೇಟ್ ಸಮೇತ, ಸಿಕ್ಕಿತು.

ಈ ಡಬ್ಬಿಗೆ ಭಾರತೀಯರ ನಂಟೂ ಇದೆ. ದಕ್ಷಿಣ ಆಫ್ರಿಕಾದ ನಟಾಲ್‌ನಲ್ಲಿ ಗಾಂಧಿಯವರು ಕಟ್ಟಿದ ಆಂಬುಲೆನ್ಸ್ ದಳದಲ್ಲಿ ಸುಮಾರು 1,100 ಭಾರತೀಯರಿದ್ದರು, ಹೆಚ್ಚಿನವರು ಕರಾರು ಕೂಲಿಗಳು. ಸ್ಪಿಯನ್ ಕಾಪ್ ಕಾಳಗದಲ್ಲಿ ಗಾಯಾಳುಗಳನ್ನು ಹೊತ್ತವರು ಅವರು. ದಳದ ಮುಂದಾಳುಗಳಿಗೂ ರಾಣಿಯ ಚಾಕೊಲೇಟ್ ಸಿಗಬಹುದೇ ಎಂದು ಗಾಂಧಿಯವರು 1900ರಲ್ಲಿ ನಟಾಲ್ ಸರ್ಕಾರವನ್ನು ಕಾಗದ ಬರೆದು ಕೇಳಿದ್ದರು. ಬರ್ಮಿಂಗ್‌ಹ್ಯಾಮ್‌ನಲ್ಲಿ ಒಬ್ಬ ಶಾಂತಿವಾದಿ ಯಾವ ಡಬ್ಬಿಯ ಮೇಲೆ ತನ್ನ ಹೆಸರು ಬೇಡವೆನ್ನುತ್ತಿದ್ದನೋ, ಅದನ್ನೇ ಮುಂದೆ ಅಹಿಂಸೆಗೆ ಹೆಸರಾಗಲಿದ್ದ ಇನ್ನೊಬ್ಬರು ತಮ್ಮವರಿಗೆ ಗೌರವದ ಗುರುತೆಂದು ಕೇಳುತ್ತಿದ್ದರು. ಇಬ್ಬರಲ್ಲಿ ಯಾರನ್ನೂ ತಪ್ಪೆನ್ನಲು ನನಗೆ ಮನಸ್ಸಿಲ್ಲ.

ಕ್ವೇಕರರೆಲ್ಲ ಒಂದೇ ದನಿಯಲ್ಲಿ ಮಾತಾಡಿದರು ಎಂದುಕೊಳ್ಳುವುದೂ ಬೇಡ. ಗ್ಲಾಸ್ಟರಿನ ಮುದ್ರಕ, ಫ್ರೆಂಚ್ ನಿಘಂಟಿಗೆ ಹೆಸರಾದ ಜಾನ್ ಬೆಲೋಸ್ ಕ್ವೇಕರನಾಗಿಯೇ ಸರ್ಕಾರದ ಪಕ್ಷ ಹಿಡಿದು ಕಿರುಹೊತ್ತಗೆ ಅಚ್ಚು ಹಾಕಿದ. ಸ್ವಂತ ಮುದ್ರಣಾಲಯವಿದ್ದವನಿಗೆ ಅದೇನು ಕಷ್ಟ.

ಬರ್ಮಿಂಗ್‌ಹ್ಯಾಮ್ ಯಾರ ಊರು ಎಂಬುದನ್ನು ನೆನಪಿಡಬೇಕು. ಯುದ್ಧಕ್ಕೆ ಮುಖ್ಯ ಕಾರಣನೆಂದು ವಿರೋಧಿಗಳು ಬೆರಳು ತೋರುತ್ತಿದ್ದ ವಸಾಹತು ಮಂತ್ರಿ ಜೋಸೆಫ್ ಚೇಂಬರ್ಲೇನ್‌ನ ಕೋಟೆ ಅದು. ಆತನ ತಮ್ಮ ಆರ್ಥರ್ ಚೇಂಬರ್ಲೇನ್ ಅದೇ ನಗರದ ಕೈನಾಕ್ ಕಂಪನಿಯ ಅಧ್ಯಕ್ಷ. ಕೈನಾಕ್ ತಯಾರಿಸುತ್ತಿದ್ದುದು ತೋಟಾ, ಸಿಡಿಮದ್ದು. ಗಿರಾಕಿ, ಯುದ್ಧ ಇಲಾಖೆ. ಅಣ್ಣ ಯುದ್ಧ ಹೂಡುತ್ತಾನೆ, ತಮ್ಮ ಗುಂಡು ಮಾರುತ್ತಾನೆ ಎಂದು 1900ರ ಡಿಸೆಂಬರಿನಲ್ಲಿ ಉದಾರವಾದಿ ಸದಸ್ಯ ಡೇವಿಡ್ ಲಾಯ್ಡ್ ಜಾರ್ಜ್ ಸಂಸತ್ತಿನಲ್ಲಿ ಎತ್ತಿ ಆಡಿದ. ಆತ ತಂದ ನಿರ್ಣಯ ಬಿದ್ದುಹೋಯಿತು. ಕೈನಾಕ್ ಯುದ್ಧದ ಬಗ್ಗೆ ಸಾರ್ವಜನಿಕವಾಗಿ ನಿಲುವು ತಳೆಯಬೇಕಾಗಿಯೇ ಇರಲಿಲ್ಲ; ಅದರ ಕೀರ್ದಿ ಖಾತಾವಣಿಯೇ ನಿಲುವು. ವ್ಯಾಪಾರಸ್ಥ ಯುದ್ಧದ ವಿಷಯದಲ್ಲಿ ತಟಸ್ಥನಾಗಿರಲಿ ಎಂಬ ಉಪದೇಶ ಕೇಳಿದಾಗಲೆಲ್ಲ ನನಗೆ ಈ ಕಂಪನಿ ನೆನಪಾಗುತ್ತದೆ. ಬಾಯಿ ಮುಚ್ಚಿಕೊಂಡು ಮಾರುವವನು ತಟಸ್ಥ, ಬಾಯಿ ಬಿಟ್ಟು ಬೇಡವೆನ್ನುವವನು ರಾಜಕೀಯ ಮಾಡುವವನು ಎಂಬ ಲೆಕ್ಕ ಯಾವ ಊರಿನದೋ.

ಇದೇ ಲಾಯ್ಡ್ ಜಾರ್ಜ್ ಕ್ಯಾಡ್‌ಬರಿಯನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಎಳೆದ. ಲಂಡನ್ನಿನ 'ಡೈಲಿ ನ್ಯೂಸ್' ಹಳೆಯ ಉದಾರವಾದಿ ಪತ್ರಿಕೆ; ಆದರೆ ಅದರ ಸಂಪಾದಕ ಇ. ಟಿ. ಕುಕ್ ಯುದ್ಧದ ಪರ. ಪತ್ರಿಕೆಯನ್ನೇ ಕೊಂಡುಬಿಟ್ಟರೆ? ಕ್ಯಾಡ್‌ಬರಿ 20,000 ಪೌಂಡ್ ಹಾಕಿದ, ಇನ್ನೊಬ್ಬ ಉದಾರವಾದಿ ಧನಿಕ ಅಷ್ಟೇ ಹಾಕಿದ. 1901ರ ಜನವರಿಯಲ್ಲಿ ಪತ್ರಿಕೆ ಕೈಬದಲಾಯಿತು, ಕುಕ್ ಹೊರಗೆ ಹೋದ, ಸಂಪಾದಕೀಯದ ದಿಕ್ಕು ತಿರುಗಿತು. ಸ್ವಲ್ಪ ಕಾಲದಲ್ಲೇ ಪಾಲುದಾರ ಹಿಂದೆ ಸರಿದು ಭಾರವೆಲ್ಲ ಕ್ಯಾಡ್‌ಬರಿಯ ತಲೆಗೆ ಬಂತು. ಕುದುರೆ ಜೂಜಿನ ಸುದ್ದಿ ಇಲ್ಲ, ಮದ್ಯದ ಜಾಹೀರಾತು ಇಲ್ಲ. ಹಾಗಿದ್ದ ಮೇಲೆ ನಷ್ಟವಂತೂ ಇದ್ದೇ ಇತ್ತು. 1902ರಲ್ಲಿ ಸಂಪಾದಕನಾಗಿ ಬಂದವನು ಎ. ಜಿ. ಗಾರ್ಡಿನರ್. ನಮ್ಮ ಇಂಗ್ಲಿಷ್ ಪಠ್ಯಪುಸ್ತಕಗಳಲ್ಲಿ 'ಆಲ್ಫಾ ಆಫ್ ದ ಪ್ಲೋ' ಎಂಬ ಹೆಸರಿನಲ್ಲಿ ತಿಳಿಹಾಸ್ಯದ ಪ್ರಬಂಧ ಬರೆದವನಾಗಿ ಎಷ್ಟೋ ಜನಕ್ಕೆ ಪರಿಚಯವಿರುವ ಅದೇ ಮನುಷ್ಯ. ಮುಂದೆ ಜಾರ್ಜ್ ಕ್ಯಾಡ್‌ಬರಿಯ ಜೀವನಚರಿತ್ರೆಯನ್ನೂ ಬರೆದ.

ಆ ಹೊತ್ತಿಗೆ ದಕ್ಷಿಣ ಆಫ್ರಿಕಾದಿಂದ ಬರುತ್ತಿದ್ದ ಸುದ್ದಿ ಘೋರವಾಗಿತ್ತು. ಬ್ರಿಟಿಷ್ ಸೈನಿಕರು ಬೋಯರರ ತೋಟದ ಮನೆಗಳನ್ನು ಸುಟ್ಟು ಹೆಂಗಸರು ಮಕ್ಕಳನ್ನು ಬಯಲು ಶಿಬಿರಗಳಿಗೆ ತುಂಬಿದ್ದರು. ಬ್ರಿಟಿಷ್ ಸಮಾಜಸೇವಕಿ ಎಮಿಲಿ ಹಾಬ್‌ಹೌಸ್ ಕಣ್ಣಾರೆ ಕಂಡು 1901ರ ಜೂನ್‌ನಲ್ಲಿ ವರದಿ ಹೊರತಂದಳು. ಯುದ್ಧ ಮುಗಿಯುವ ಹೊತ್ತಿಗೆ ಆ ಶಿಬಿರಗಳಲ್ಲಿ ಸತ್ತ ಬೋಯರರು ಸುಮಾರು 28,000, ಅವರಲ್ಲಿ 22,000 ಮಂದಿ ಮಕ್ಕಳು. ಕಪ್ಪು ಜನರ ಬೇರೆ ಶಿಬಿರಗಳಲ್ಲಿ ಸತ್ತವರು ಕಡಿಮೆಯೆಂದರೂ 14,000. ಅವರ ಲೆಕ್ಕವನ್ನು ಆಗ ಯಾರೂ ಸರಿಯಾಗಿ ಇಡಲಿಲ್ಲ. 'ಡೈಲಿ ನ್ಯೂಸ್' ಶಿಬಿರಗಳ ವಿರುದ್ಧ ಬರೆಯಿತು. ಯುದ್ಧವೇನೂ ಅದರಿಂದ ನಿಲ್ಲಲಿಲ್ಲ. 1901ರ ಡಿಸೆಂಬರ್ 18ರಂದು ಲಾಯ್ಡ್ ಜಾರ್ಜ್ ಬರ್ಮಿಂಗ್‌ಹ್ಯಾಮ್ ಟೌನ್ ಹಾಲ್‌ಗೆ ಭಾಷಣಕ್ಕೆ ಬಂದಾಗ ಸಾವಿರಾರು ಜನ ಕಟ್ಟಡವನ್ನು ಮುತ್ತಿದರು. ಪೊಲೀಸನ ವೇಷ ಹಾಕಿಕೊಂಡು ಆತ ತಪ್ಪಿಸಿಕೊಳ್ಳಬೇಕಾಯಿತು. ಹದಿನೈದು ವರ್ಷ ಕಳೆದ ಮೇಲೆ ಅದಕ್ಕಿಂತ ನೂರು ಪಾಲು ದೊಡ್ಡ ಯುದ್ಧವನ್ನು ಪ್ರಧಾನಿಯಾಗಿ ನಡೆಸಿದವನೂ ಇವನೇ.

ಕಥೆ ಇಲ್ಲಿಗೇ ನಿಂತಿದ್ದರೆ ಕ್ಯಾಡ್‌ಬರಿಯನ್ನು ಸಂತನ ಪೀಠದ ಮೇಲೆ ಕೂರಿಸಬಹುದಿತ್ತು. ಆದರೆ ಪತ್ರಿಕೆ ಕೊಂಡ ಅದೇ 1901ರಲ್ಲಿ ಅಣ್ಣನ ಮಗ ವಿಲಿಯಂ ಕ್ಯಾಡ್‌ಬರಿಯ ಕೈಗೆ ಒಂದು ಕಾಗದ ಬಂದಿತ್ತು. ಪಶ್ಚಿಮ ಆಫ್ರಿಕಾದ ಪಕ್ಕದ ಪೋರ್ಚುಗೀಸ್ ದ್ವೀಪ ಸಾವ್ ಟೊಮೆಯ ಒಂದು ಕೋಕೋ ತೋಟ ಮಾರಾಟಕ್ಕಿತ್ತು. ಆಸ್ತಿಯ ಪಟ್ಟಿಯಲ್ಲಿ ಜಮೀನು, ಕಟ್ಟಡಗಳ ಜತೆಗೆ ಒಂದು ಸಾಲು: ಕಪ್ಪು ಕೂಲಿಗಳು 200, ಬೆಲೆ 3,555 ಪೌಂಡ್. ಕ್ಯಾಡ್‌ಬರಿಯ ಕೋಕೋದಲ್ಲಿ ಸುಮಾರು ಅರ್ಧ ಬರುತ್ತಿದ್ದದ್ದು ಆ ದ್ವೀಪದಿಂದಲೇ. ಆ ಕೂಲಿಗಳು ಅಂಗೋಲದ ಒಳನಾಡಿನಿಂದ ಹಿಡಿದು ತಂದ ಜನ. ಕಾಗದದ ಮೇಲೆ ಐದು ವರ್ಷದ ಕರಾರು. ಊರಿಗೆ ಮರಳಿದವರು ಇಲ್ಲವೆನ್ನುವಷ್ಟು ವಿರಳ.

ಕಂಪನಿ ಸುಮ್ಮನೆ ಕೂರಲಿಲ್ಲ, ಅವಸರವನ್ನೂ ಮಾಡಲಿಲ್ಲ. ಲಿಸ್ಬನ್‌ನ ಪೋರ್ಚುಗೀಸ್ ಸರ್ಕಾರಕ್ಕೆ ಅಹವಾಲು ಹೋಯಿತು. 1905ರಲ್ಲಿ ಜೋಸೆಫ್ ಬರ್ಟ್ ಎಂಬ ಕ್ವೇಕರನನ್ನು ಪೋರ್ಚುಗೀಸ್ ಕಲಿಸಿ ತನಿಖೆಗೆ ಕಳಿಸಿದರು. ಬ್ರಿಟಿಷ್ ವಿದೇಶಾಂಗ ಇಲಾಖೆ ಸ್ವಲ್ಪ ತಾಳಿ ಎಂದಿತು, ಇವರು ತಾಳಿದರು. ಅಷ್ಟೂ ಕಾಲ ಕೋಕೋ ಬರುತ್ತಲೇ ಇತ್ತು. ಇನ್ನೊಂದು ಕಡೆ, ಬೋಯರ್ ಯುದ್ಧದ ನಂತರ ಟ್ರಾನ್ಸ್‌ವಾಲ್‌ನ ಚಿನ್ನದ ಗಣಿಗಳಿಗೆ 60,000ಕ್ಕೂ ಹೆಚ್ಚು ಚೀನೀ ಕೂಲಿಗಳನ್ನು ತಂದದ್ದನ್ನು 'ಡೈಲಿ ನ್ಯೂಸ್' ಗುಲಾಮಗಿರಿ ಎಂದು ಕರೆದು ಯುದ್ಧದ ಪಕ್ಷದವರ ಬೆವರಿಳಿಸುತ್ತಿತ್ತು. 1906ರ ಚುನಾವಣೆಯಲ್ಲಿ ಆ ಪ್ರಚಾರ ದೊಡ್ಡ ಕೆಲಸ ಮಾಡಿತು.

ಸೋತವರು ಸೇಡು ತೀರಿಸಿಕೊಳ್ಳಲು ಕಾದಿದ್ದರು. 1908ರ ಸೆಪ್ಟೆಂಬರ್ 26ರಂದು ಎದುರು ಪಕ್ಷದ 'ಸ್ಟ್ಯಾಂಡರ್ಡ್' ಪತ್ರಿಕೆ ಬರೆಯಿತು: ಚೀನೀಯರಿಗಾಗಿ ಕಣ್ಣೀರಿಡುವ ಈ ಧರ್ಮಾತ್ಮರ ಕೋಕೋದಲ್ಲಿ ಯಾರ ಬೆವರಿದೆ ನೋಡಿ. ಕ್ಯಾಡ್‌ಬರಿ ಮಾನನಷ್ಟ ಮೊಕದ್ದಮೆ ಹೂಡಿತು. 1909ರ ಮಾರ್ಚ್‌ನಲ್ಲಿ ಕ್ಯಾಡ್‌ಬರಿ, ಫ್ರೈ, ರೌಂಟ್ರೀ ಮೂರೂ ಸಾವ್ ಟೊಮೆಯ ಕೋಕೋ ಕೊಳ್ಳುವುದಿಲ್ಲವೆಂದು ಸಾರಿದವು. ಆ ವರ್ಷದ ಕೊನೆಗೆ ಬರ್ಮಿಂಗ್‌ಹ್ಯಾಮ್‌ನಲ್ಲಿ ವಿಚಾರಣೆ. ಕ್ಯಾಡ್‌ಬರಿಯ ಪರ ರೂಫಸ್ ಐಸಾಕ್ಸ್, ಪತ್ರಿಕೆಯ ಪರ ಎಡ್ವರ್ಡ್ ಕಾರ್ಸನ್, ಸಾಹಿತಿ ಆಸ್ಕರ್ ವೈಲ್ಡ್‌ನನ್ನು ಪಾಟೀಸವಾಲಿನಲ್ಲಿ ಮುಗಿಸಿದ ಅದೇ ಕಾರ್ಸನ್. ಗುಲಾಮಗಿರಿ ಇದೆಯೆಂದು ತಿಳಿದ ದಿನದಿಂದ ಎಷ್ಟು ಕೋಕೋ ಕೊಂಡಿರಿ ಎಂಬ ದಾರಿಯಲ್ಲೇ ಅವನ ಪ್ರಶ್ನೆಗಳು ಸಾಗಿದವು. ಜ್ಯೂರಿ ಕ್ಯಾಡ್‌ಬರಿಯೇ ಗೆದ್ದಿತೆಂದು ತೀರ್ಪು ಕೊಟ್ಟಿತು. ಮಾನನಷ್ಟಕ್ಕೆ ಕಟ್ಟಿದ ಬೆಲೆ ಒಂದು ಫಾರ್ದಿಂಗ್, ಅಂದರೆ ಪೆನ್ನಿಯ ಕಾಲು ಭಾಗ. ಬಿಡಿಗಾಸು.

ಈ ತೀರ್ಪನ್ನು ಹೇಗೆ ಓದಬೇಕು? ಬಾಯಿ ಬಿಟ್ಟದ್ದೇ ತಪ್ಪು, ಸುಮ್ಮನೆ ಚಾಕೊಲೇಟ್ ಮಾಡಿಕೊಂಡಿದ್ದರೆ ಯಾರೂ ಕೇಳುತ್ತಿರಲಿಲ್ಲ ಎನ್ನುವವರು ಆಗಲೂ ಇದ್ದರು. ಹೌದು, ಯಾರೂ ಕೇಳುತ್ತಿರಲಿಲ್ಲ, ಸಾವ್ ಟೊಮೆಯ ಕೂಲಿಗಳನ್ನೂ ಸೇರಿಸಿ. ಬೇರೆ ದೇಶಗಳ ಚಾಕೊಲೇಟ್ ಕಾರ್ಖಾನೆಗಳೂ ಅದೇ ದ್ವೀಪದ ಕೋಕೋ ಕೊಳ್ಳುತ್ತಿದ್ದವು. ಅವು ಯಾವ ಯುದ್ಧವನ್ನೂ ಖಂಡಿಸಿರಲಿಲ್ಲ, ಹಾಗಾಗಿ ಅವುಗಳ ಬಾಗಿಲಿಗೆ ಕಾರ್ಸನ್ ಬರಲಿಲ್ಲ. ವರ್ತಕ ಯುದ್ಧದ ಬಗ್ಗೆ ಮಾತಾಡಿದ ಕೂಡಲೇ ಅವನ ಲೆಕ್ಕದ ಪುಸ್ತಕ ಊರವರ ಆಸ್ತಿಯಾಗುತ್ತದೆ. ಅವನಿಗದು ಕಿರುಕುಳ ನಿಜ. ಯುದ್ಧ ನಿಲ್ಲಿಸುವ ಶಕ್ತಿ ಡೈಲಿ ನ್ಯೂಸಿಗೆ ಇರಲಿಲ್ಲ. ಕ್ಯಾಡ್‌ಬರಿಯನ್ನು ಅದರದೇ ಅಳತೆಗೋಲಿನಿಂದ ಅಳೆಯಲು ಶತ್ರುಗಳಿಗೆ ಅವಕಾಶ ಮಾಡಿಕೊಟ್ಟದ್ದು ಮಾತ್ರ ಆ ಪತ್ರಿಕೆಯೇ.

1914ರಲ್ಲಿ ಮೊದಲ ಮಹಾಯುದ್ಧ ಬಂದಾಗ ಈ ಮನೆಗಳ ನಿಲುವು ಇನ್ನೂ ಜಟಿಲವಾಯಿತು. ಗಾರ್ಡಿನರ್ ಆಗಸ್ಟಿನ ಮೊದಲ ದಿನಗಳವರೆಗೆ ಬ್ರಿಟನ್ ದೂರವಿರಲಿ ಎಂದು ಬರೆದ. ಯುದ್ಧಕ್ಕೆ ಇಳಿದ ಮೇಲೆ ದೇಶದ ಬೆನ್ನಿಗೆ ನಿಂತ. ಬೋರ್ನ್‌ವಿಲ್‌ನ 2,000ಕ್ಕೂ ಹೆಚ್ಚು ಗಂಡಸರು ಸೈನ್ಯ ಸೇರಿದರು. ಕಂಪನಿ ಅವರಿಗೆ ಪುಸ್ತಕ, ಬೆಚ್ಚನೆಯ ಬಟ್ಟೆ, ಚಾಕೊಲೇಟ್ ಕಳಿಸಿತು. ಜಾರ್ಜ್‌ನ ಮಗ ಲಾರೆನ್ಸ್ ಫ್ರಾನ್ಸಿನಲ್ಲಿ ಕ್ವೇಕರರ ಆಂಬುಲೆನ್ಸ್ ಘಟಕದಲ್ಲಿ ಗಾಯಾಳುಗಳನ್ನು ಸಾಗಿಸುತ್ತಿದ್ದ. ಅವನ ಒಡಹುಟ್ಟಿದ ತಮ್ಮ ಎಗ್‌ಬರ್ಟ್ ನೌಕಾಪಡೆಯ ವಿಮಾನ ದಳ ಸೇರಿದ. 1918ರ ಆಗಸ್ಟ್ 5ರ ರಾತ್ರಿ ಉತ್ತರ ಸಮುದ್ರದ ಮೇಲೆ ಜರ್ಮನ್ನರ ಎಲ್ 70 ಜೆಪಲಿನನ್ನು ಹೊಡೆದುರುಳಿಸಿದ ವಿಮಾನದ ಚಾಲಕ ಅವನೇ. ಜರ್ಮನ್ ನೌಕಾ ವಾಯುನೌಕೆಗಳ ಮುಖ್ಯಸ್ಥ ಪೀಟರ್ ಸ್ಟ್ರಾಸರ್ ಆ ಜೆಪಲಿನಿನಲ್ಲಿದ್ದ, ಒಬ್ಬರೂ ಉಳಿಯಲಿಲ್ಲ. ಅತ್ತ ರೌಂಟ್ರೀ ಕಡೆಯಿಂದ ಸಂಸತ್ ಸದಸ್ಯ ಆರ್ನಲ್ಡ್ ರೌಂಟ್ರೀ, 1916ರ ಕಡ್ಡಾಯ ಸೈನ್ಯಭರ್ತಿ ಕಾಯಿದೆಯಲ್ಲಿ ಆತ್ಮಸಾಕ್ಷಿಯ ಕಾರಣಕ್ಕೆ ಆಯುಧ ಒಲ್ಲೆನೆನ್ನುವವರಿಗೆ ಜಾಗ ಸಿಗಲೆಂದು ಗುದ್ದಾಡಿದ. ಎರಡನೇ ಮಹಾಯುದ್ಧದ ಹೊತ್ತಿಗೆ ಬೋರ್ನ್‌ವಿಲ್ ಕಾರ್ಖಾನೆಯ ಒಂದು ಭಾಗದಲ್ಲೇ ವಿಮಾನದ ಬಿಡಿಭಾಗಗಳು ತಯಾರಾದವು. ಹಿಟ್ಲರನ ಎದುರು ಆ ಮನೆಯಲ್ಲಿ ಬೋಯರ್ ಯುದ್ಧದ ಕಾಲದ ಹಿಂಜರಿಕೆ ಉಳಿದಿರಲಿಲ್ಲ.

ಜಾರ್ಜ್ ಕ್ಯಾಡ್‌ಬರಿ ಪತ್ರಿಕೆಗೆ 20,000 ಪೌಂಡ್ ಸುರಿಯುವಾಗ ಯಾರನ್ನೂ ಕೇಳಬೇಕಿರಲಿಲ್ಲ. ಕಂಪನಿ ಅವನ ಮನೆಯದು. ಈಗಿನ ಕಂಪನಿಗೆ ಧಣಿ ಯಾರೆಂದು ಹುಡುಕುವುದೇ ಕಷ್ಟ. 2022ರಲ್ಲಿ ರಷ್ಯಾ ಉಕ್ರೇನಿನ ಮೇಲೆ ಬಿದ್ದಾಗ, ಬ್ರಿಟಿಷ್ ಕಂಪನಿಗಳು ರಷ್ಯಾ ಬಿಡಲಿ ಎಂದು ಹೇಳುತ್ತಿದ್ದ ಹಣಕಾಸು ಮಂತ್ರಿ ರಿಷಿ ಸುನಕ್‌ಗೆ ಪತ್ರಕರ್ತರು ಕೇಳಿದ್ದು ಬೆಂಗಳೂರಿನ ಇನ್ಫೋಸಿಸ್ ಬಗ್ಗೆ: ಪತ್ನಿ ಅಕ್ಷತಾ ಮೂರ್ತಿಯವರ ಪಾಲಿರುವ ಕಂಪನಿಯ ಕಚೇರಿ ಮಾಸ್ಕೋದಲ್ಲಿ ಇನ್ನೂ ಏಕಿದೆ? ಏಪ್ರಿಲ್‌ನಲ್ಲಿ ಇನ್ಫೋಸಿಸ್ ಅಲ್ಲಿನ ಕೆಲಸವನ್ನು ಬೇರೆಡೆಗೆ ಸಾಗಿಸುವುದಾಗಿ ಪ್ರಕಟಿಸಿತು. 1908ರ ಸ್ಟ್ಯಾಂಡರ್ಡ್ ಪತ್ರಿಕೆಯ ವರಸೆಯೇ ಇದು, ಮಾತಾಡಿದವನ ಮನೆಯ ಲೆಕ್ಕವನ್ನು ಮೊದಲು ಕೇಳುವುದು.

ಕ್ಯಾಡ್‌ಬರಿಯನ್ನು 2010ರಲ್ಲಿ ಅಮೆರಿಕದ ಕ್ರಾಫ್ಟ್ ಕೊಂಡಿತ್ತು. ಈಗಿನ ಒಡೆಯ ಕಂಪನಿಯ ಹೆಸರು ಮೊಂಡೆಲೀಜ್. ಉಕ್ರೇನ್ ಯುದ್ಧ ಶುರುವಾದಾಗ ಅದು ರಷ್ಯಾದಲ್ಲಿ ಹೊಸ ಬಂಡವಾಳ ಹೂಡುವುದಿಲ್ಲ, ಜಾಹೀರಾತು ನಿಲ್ಲಿಸುತ್ತೇವೆ ಎಂದಿತು. ಜನಕ್ಕೆ ಆಹಾರ ಒದಗಿಸಬೇಕು ಎಂಬ ಕಾರಣ ಕೊಟ್ಟು ವ್ಯಾಪಾರವನ್ನು ಮಾತ್ರ ಇಟ್ಟುಕೊಂಡಿತು. 2023ರಲ್ಲಿ ಉಕ್ರೇನ್ ಅದನ್ನು ಯುದ್ಧದ ಪ್ರಾಯೋಜಕರ ಪಟ್ಟಿಗೆ ಸೇರಿಸಿತು. ಹೂಡಿಕೆದಾರರು ಈ ವಿಷಯವನ್ನು ನೈತಿಕವಾಗಿ ಮನಸ್ಸಿಗೆ ಹಚ್ಚಿಕೊಂಡಿಲ್ಲ ಎಂಬರ್ಥದ ಮಾತನ್ನು 2024ರಲ್ಲಿ ಅದರ ಮುಖ್ಯಸ್ಥನೇ ಆಡಿದ. ರಷ್ಯಾದಲ್ಲಿ ಉಳಿದ ಕಂಪನಿಗಳಿಂದ ಅರಮನೆಗೆ ಸರಕು ಒದಗಿಸುವವರೆಂಬ ಮನ್ನಣೆ ಕಿತ್ತುಕೊಳ್ಳಿ ಎಂದು ಉಕ್ರೇನ್ ಪರ ಸಂಘಟನೆಗಳು ಬ್ರಿಟನ್ನಿನ ದೊರೆಗೆ ಮನವಿ ಕೊಟ್ಟವು. 2024ರ ಡಿಸೆಂಬರಿನಲ್ಲಿ ಹೊಸ ಪಟ್ಟಿ ಹೊರಬಿದ್ದಾಗ, ವಿಕ್ಟೋರಿಯಾ ರಾಣಿ 1854ರಲ್ಲಿ ಕ್ಯಾಡ್‌ಬರಿಗೆ ಕೊಟ್ಟಿದ್ದ ಮನ್ನಣೆ ಅದರಲ್ಲಿ ಇರಲಿಲ್ಲ. ಅರಮನೆ ಕಾರಣ ಹೇಳಲಿಲ್ಲ. ಕಂಪನಿ, ನಿರಾಶೆಯಾಗಿದೆ ಎಂದಿತು.